ಏಂಜೆಲಾ ಡೌನಿ

ಏಂಜೆಲಾ ಡೌನಿ (ಜನನ 1957): ಐರ್ಲೆಂಡಿನ ಕಮೋಗಿ ಆಟಗಾರ್ತಿ. ಕಿಲ್ಕೆನಿ ಕೌಂಟಿ ತಂಡದ ಮುಂಪಡೆಯಲ್ಲಿ ಎರಡು ದಶಕಗಳಿಗೂ ಹೆಚ್ಚು ಕಾಲ ಆಡಿದ ಇವರು 1974ರಿಂದ 1994ರ ಅವಧಿಯಲ್ಲಿ 12 ಬಾರಿ ಆಲ್-ಐರ್ಲೆಂಡ್ ಸೀನಿಯರ್ ಚಾಂಪಿಯನ್ ಆದರು. ಮೂರು ಸಲ ನಾಯಕಿಯಾಗಿ, ಸೀನಿಯರ್ ವಿಜೇತರಿಗೆ ಸಲ್ಲುವ ಓಡಫಿ ಕಪ್ ಎತ್ತಿದರು. 1985ರಿಂದ 1991ರವರೆಗೆ ಸತತ ಏಳು ವರ್ಷ ಪ್ರಶಸ್ತಿಯನ್ನು ಬಿಟ್ಟುಕೊಡದ ತಂಡಕ್ಕೆ ಇವರೇ ದೊಡ್ಡ ಬಲ. 2004ರಲ್ಲಿ ಆಟದ ಶತಮಾನೋತ್ಸವದ ವೇಳೆ ಆರಿಸಲಾದ ಶತಮಾನದ ತಂಡದಲ್ಲಿ ಸ್ಥಾನ ಪಡೆದರು. ಇವರ ಅವಳಿ ಸೋದರಿ ಆ್ಯನ್ ಡೌನಿ ಕೂಡ ಅದೇ ತಂಡದಲ್ಲಿ ಆಡಿ ಅಷ್ಟೇ ಪದಕಗಳನ್ನು ಗೆದ್ದವರು.

ಕಿಲ್ಕೆನಿ ತಂಡ 1974ಕ್ಕೆ ಮುಂಚೆ ಆಲ್-ಐರ್ಲೆಂಡ್ ಸೀನಿಯರ್ ಕಮೋಗಿ ಪ್ರಶಸ್ತಿಯನ್ನು ಒಮ್ಮೆಯೂ ಗೆದ್ದಿರಲಿಲ್ಲ. 1994ರ ಬಳಿಕ ಮುಂದಿನ ಗೆಲುವಿಗಾಗಿ 22 ವರ್ಷ ಕಾಯಬೇಕಾಯಿತು. ನಡುವಿನ 12 ಪ್ರಶಸ್ತಿಗಳಲ್ಲಿ ಏಂಜೆಲಾ ಇಲ್ಲದೆ ಬಂದದ್ದು ಒಂದೂ ಇಲ್ಲ. ಒಂದು ಕೌಂಟಿಯ ಏಳಿಗೆ ಒಬ್ಬ ಆಟಗಾರ್ತಿಯ ಕಾಲದೊಡನೆ ಇಷ್ಟು ನಿಖರವಾಗಿ ಹೊಂದಿಕೊಂಡ ನಿದರ್ಶನ ಅಪರೂಪ. ಐರಿಶ್ ಕ್ರೀಡಾ ಚರಿತ್ರೆಯಲ್ಲಿ ಇವರ ಹೆಸರಿಗೆ ವಿಶೇಷ ತೂಕ ಬಂದಿರುವುದಕ್ಕೆ ಇದೇ ಮೊದಲ ಕಾರಣ.

ಆಟದ ಪರಿಚಯ

ಕಮೋಗಿ ಎಂದರೆ ಐರ್ಲೆಂಡಿನ ಪುರಾತನ ಕೋಲು-ಚೆಂಡಾಟ ಹರ್ಲಿಂಗ್‌ನ ಮಹಿಳಾ ರೂಪ. ಆಶ್ ಮರದ ಬುಡದಿಂದ ಕೆತ್ತಿದ, ತುದಿಯಲ್ಲಿ ಬಾಗಿ ಅಗಲವಾಗುವ ಕೋಲನ್ನು ಹರ್ಲಿ ಎನ್ನುತ್ತಾರೆ. ಒಳಗೆ ಬೆಂಡು, ಹೊರಗೆ ಚರ್ಮ ಇರುವ ಗಟ್ಟಿ ಚೆಂಡು ಸ್ಲಿಟರ್. ನೋಡಿದೊಡನೆ ನಮ್ಮವರಿಗೆ ಹಾಕಿ ನೆನಪಾಗಬಹುದು. ಆದರೆ ಇಲ್ಲಿ ಚೆಂಡು ಹೆಚ್ಚು ಹೊತ್ತು ನೆಲದ ಮೇಲಿರುವುದಿಲ್ಲ. ಗಾಳಿಯಲ್ಲಿ ಬರುವ ಚೆಂಡನ್ನು ಬರಿಗೈಯಲ್ಲಿ ಹಿಡಿಯಬಹುದು, ಅಂಗೈಯಿಂದ ತಟ್ಟಿ ಜತೆಗಾತಿಗೆ ದಾಟಿಸಬಹುದು, ಕೋಲಿನ ಅಗಲ ತುದಿಯ ಮೇಲೆ ಕುಣಿಸುತ್ತ ಓಡಬಹುದು, ಎಸೆದುಕೊಂಡು ಬೀಸಿ ಹೊಡೆಯಬಹುದು.

ಗೋಲುಕಂಬಗಳು ಇಂಗ್ಲಿಷ್ ಅಕ್ಷರ ಎಚ್‌ನ ಆಕಾರದಲ್ಲಿರುತ್ತವೆ. ಅಡ್ಡಪಟ್ಟಿಯ ಕೆಳಗೆ ಬಲೆಯೊಳಗೆ ಚೆಂಡು ಹೋದರೆ ಗೋಲು, ಅದಕ್ಕೆ ಮೂರು ಪಾಯಿಂಟ್ ಬೆಲೆ. ಪಟ್ಟಿಯ ಮೇಲೆ ಕಂಬಗಳ ನಡುವೆ ಹೋದರೆ ಒಂದು ಪಾಯಿಂಟ್. ಅಂಕಪಟ್ಟಿಯಲ್ಲಿ ಗೋಲು ಮೊದಲು, ಪಾಯಿಂಟ್ ಆಮೇಲೆ. 3-10 ಎಂದು ಬರೆದಿದ್ದರೆ ಮೂರು ಗೋಲು, ಹತ್ತು ಪಾಯಿಂಟ್, ಒಟ್ಟು 19 ಎಂದರ್ಥ. ಒಂದು ಗೋಲು ಮೂರು ಪಾಯಿಂಟ್‌ಗಳಿಗೆ ಸಮವಾದ್ದರಿಂದ ರಕ್ಷಣೆಯನ್ನು ಸೀಳಿ ಒಳನುಗ್ಗಿ ಗೋಲು ಹೊಡೆಯಬಲ್ಲ ಫಾರ್ವರ್ಡ್‌ಗೆ ಈ ಆಟದಲ್ಲಿ ಬಹಳ ಬೆಲೆ. ಏಂಜೆಲಾ ಅಂಥ ಫಾರ್ವರ್ಡ್.

ಕಮೋಗಿಯ ನಿಯಮಗಳು ರೂಪುಗೊಂಡದ್ದು 20ನೆಯ ಶತಮಾನದ ಆರಂಭದಲ್ಲಿ, ಐರಿಶ್ ಭಾಷೆ ಮತ್ತು ಸಂಸ್ಕೃತಿಯ ಪುನರುಜ್ಜೀವನಕ್ಕೆ ದುಡಿಯುತ್ತಿದ್ದ ಗೇಲಿಕ್ ಲೀಗ್‌ನ ಮಹಿಳೆಯರಿಂದ. ಮೊದಲ ಸಾರ್ವಜನಿಕ ಪಂದ್ಯ 1904ರ ಜುಲೈ 17ರಂದು ಮೀತ್ ಕೌಂಟಿಯ ನೇವನ್‌ನಲ್ಲಿ ನಡೆಯಿತು. ಕೌಂಟಿಗಳ ನಡುವಣ ಆಲ್-ಐರ್ಲೆಂಡ್ ಚಾಂಪಿಯನ್‌ಷಿಪ್ 1932ರಲ್ಲಿ ಶುರುವಾಯಿತು. ಆಟಕ್ಕಾಗಿ ಬದುಕನ್ನೇ ಸವೆಸಿದ ಸಂಘಟಕ ಶಾನ್ ಓಡಫಿ ಅವರ ಹೆಸರಿನ ಕಪ್ಪೇ ಇಂದಿಗೂ ಸೀನಿಯರ್ ವಿಜೇತರ ಕೈಸೇರುತ್ತದೆ.

ಏಂಜೆಲಾ ಆಡಿದ ಕಾಲದ ಕಮೋಗಿ ಇಂದಿನದಕ್ಕಿಂತ ಬೇರೆ. ಆಗ ತಂಡಕ್ಕೆ 12 ಮಂದಿ. ಹರ್ಲಿಂಗ್‌ನಂತೆ 15 ಮಂದಿ ಆಡುವ ಪದ್ಧತಿ ಬಂದದ್ದು 1999ರಲ್ಲಿ. 1979ರವರೆಗೆ ಗೋಲುಕಂಬಗಳ ಮೇಲ್ತುದಿಯಲ್ಲಿ ಇನ್ನೊಂದು ಅಡ್ಡಪಟ್ಟಿ ಇತ್ತು. ಪಾಯಿಂಟ್ ಸಿಗಬೇಕಾದರೆ ಚೆಂಡು ಕೆಳಪಟ್ಟಿಯ ಮೇಲೆ, ಮೇಲ್ಪಟ್ಟಿಯ ಕೆಳಗೆ ಹಾದುಹೋಗಬೇಕಿತ್ತು. ಎತ್ತರಕ್ಕೆ ಬೀಸಿ ಹೊಡೆದರೆ ಸಾಲದು, ಅಳತೆಯೂ ಗೊತ್ತಿರಬೇಕು. ಏಂಜೆಲಾ ಮೊದಲು ಪಳಗಿದ್ದು ಇಂಥ ಗೋಲುಗಳೆದುರು.

ಮನೆತನ, ಬಾಲ್ಯ

ಐರ್ಲೆಂಡಿನ ಆಗ್ನೇಯ ಭಾಗದಲ್ಲಿರುವ ಕಿಲ್ಕೆನಿ ಹರ್ಲಿಂಗ್‌ನ ತವರುಗಳಲ್ಲೊಂದು. ಹಳದಿ-ಕಪ್ಪು ಪಟ್ಟೆಯ ಜೆರ್ಸಿ ಅಲ್ಲಿಯ ಜನರಿಗೆ ಮನೆತನದ ಗುರುತಿದ್ದಂತೆ. ಕೌಂಟಿಯ ಉತ್ತರಕ್ಕಿರುವ ಬ್ಯಾಲಿರಾಗೆಟ್ ಎಂಬ ಸಣ್ಣ ಊರಿನ ಡೌನಿ ಕುಟುಂಬದಲ್ಲಿ ಏಂಜೆಲಾ ಮತ್ತು ಆ್ಯನ್ ಹುಟ್ಟಿದರು. ತಂದೆ ಶೆಮ್ ಡೌನಿ ಕಿಲ್ಕೆನಿಯ ಹರ್ಲಿಂಗ್ ಆಟಗಾರ. 1947ರಲ್ಲಿ ಕಾರ್ಕ್ ತಂಡವನ್ನು ಒಂದೇ ಪಾಯಿಂಟ್ ಅಂತರದಲ್ಲಿ ಮಣಿಸಿ ಆಲ್-ಐರ್ಲೆಂಡ್ ಗೆದ್ದ ತಂಡದಲ್ಲಿ ಅವರಿದ್ದರು. ಆ ಫೈನಲ್ ಅನ್ನು ಹರ್ಲಿಂಗ್‌ನ ಶ್ರೇಷ್ಠ ಪಂದ್ಯಗಳ ಸಾಲಿನಲ್ಲಿ ಈಗಲೂ ಎಣಿಸುತ್ತಾರೆ.

ತಂದೆಯ ಆಟ ಹೆಣ್ಣುಮಕ್ಕಳ ಕೈಗೆ ಬಂದದ್ದರಲ್ಲಿ ಅಂದಿನ ಮಟ್ಟಿಗೆ ಒಂದು ಹೊಸತನವಿತ್ತು. 1960ರ ದಶಕದಲ್ಲಿ ಕಿಲ್ಕೆನಿಯ ಹುಡುಗರಿಗೆ ಹರ್ಲಿಂಗ್‌ನ ದಾರಿ ತೆರೆದೇ ಇತ್ತು. ಶಾಲೆ, ಚರ್ಚಿನ ವಠಾರ, ಕ್ಲಬ್, ಕೌಂಟಿ ಹೀಗೆ ಒಂದೊಂದೇ ಮೆಟ್ಟಿಲು ಹತ್ತಬಹುದಿತ್ತು. ಹುಡುಗಿಯರಿಗೆ ಆ ಮೆಟ್ಟಿಲುಗಳು ಕಡಿಮೆ, ನೋಡಲು ಬರುವವರು ಇನ್ನೂ ಕಡಿಮೆ. ರಾಜಧಾನಿ ಡಬ್ಲಿನ್‌ನ ಮಹಿಳೆಯರು ದಶಕಗಳಿಂದ ಪ್ರಶಸ್ತಿಯ ಮೇಲೆ ಪ್ರಶಸ್ತಿ ಗೆಲ್ಲುತ್ತಿದ್ದರೂ ಹರ್ಲಿಂಗ್‌ನಲ್ಲಿ ಮೆರೆದ ಕಿಲ್ಕೆನಿಗೆ ಕಮೋಗಿಯಲ್ಲಿ ಹೆಸರಿರಲಿಲ್ಲ.

ಏಂಜೆಲಾ 15ನೆಯ ವಯಸ್ಸಿಗೇ ಕೌಂಟಿಯ ಸೀನಿಯರ್ ತಂಡದಲ್ಲಿದ್ದರು. 1972ರಲ್ಲಿ ಕಿಲ್ಕೆನಿ ಆಲ್-ಐರ್ಲೆಂಡ್ ಫೈನಲ್ ತಲುಪಿದಾಗ ಡಬ್ಲಿನ್‌ನ ಕ್ರೋಕ್ ಪಾರ್ಕ್ ಕ್ರೀಡಾಂಗಣದಲ್ಲಿ ಆಡಿದರು. ಎದುರಾಳಿ ಕಾರ್ಕ್. ಆ ಸಲ ಕಿಲ್ಕೆನಿ ಸೋತಿತು.

ಮೊದಲ ಗೆಲುವುಗಳು, 1974–1981

ಎರಡೇ ವರ್ಷದಲ್ಲಿ ಅದೇ ಎರಡು ತಂಡಗಳು ಮತ್ತೆ ಫೈನಲ್‌ನಲ್ಲಿ ಎದುರಾದವು. 1974ರ ಮೊದಲ ಪಂದ್ಯ ಸಮಬಲದಲ್ಲಿ ಮುಗಿಯಿತು. ಮರುಪಂದ್ಯದಲ್ಲಿ ಕಿಲ್ಕೆನಿ 3-3, ಕಾರ್ಕ್ 1-5. ಒಟ್ಟು ಲೆಕ್ಕದಲ್ಲಿ 12ಕ್ಕೆ 8. ಕಾರ್ಕ್ ಹೆಚ್ಚು ಪಾಯಿಂಟ್ ಹೊಡೆದಿತ್ತು, ಕಿಲ್ಕೆನಿ ಹೆಚ್ಚು ಗೋಲು ಹೊಡೆದಿತ್ತು. ಓಡಫಿ ಕಪ್ ಮೊದಲ ಬಾರಿಗೆ ಕಿಲ್ಕೆನಿಗೆ ಬಂತು. ಏಂಜೆಲಾಗೆ ಆಗ 17 ವರ್ಷ.

1976ರಲ್ಲಿ ಡಬ್ಲಿನ್ ತಂಡವನ್ನು ಒಂದೇ ಪಾಯಿಂಟ್‌ನಿಂದ ಸೋಲಿಸಿ ಎರಡನೆಯ ಪ್ರಶಸ್ತಿ. 1977ರಲ್ಲಿ ಏಂಜೆಲಾ ನಾಯಕಿ. ವೆಕ್ಸ್‌ಫರ್ಡ್ ವಿರುದ್ಧ 3-4ಕ್ಕೆ 1-3ರ ಗೆಲುವು. ಇಪ್ಪತ್ತನೆಯ ವಯಸ್ಸಿನಲ್ಲಿ ದೇಶದ ಅತ್ಯುನ್ನತ ಕಪ್ ಎತ್ತಿದ ನಾಯಕಿ ಎಂಬ ಹೆಸರು ಬಂತು. ಈ ತಂಡ ಒಬ್ಬರ ಮೇಲೆ ನಿಂತಿರಲಿಲ್ಲ ಎಂಬುದನ್ನೂ ಹೇಳಬೇಕು. ರಕ್ಷಣೆಯಲ್ಲಿ ಲಿಜ್ ನಿಯರಿ, ಬ್ರೈಡಿ ಮಾರ್ಟಿನ್ ಇದ್ದರು. ಮುಂದೆ ಈ ಇಬ್ಬರೂ ಏಂಜೆಲಾ ಜತೆ ಶತಮಾನದ ತಂಡಕ್ಕೆ ಆಯ್ಕೆಯಾದರು. ಹಿಂದೆ ಬಿಗಿಯಾದ ರಕ್ಷಣೆ, ಮುಂದೆ ಗೋಲಿನ ಹಸಿವುಳ್ಳ ಫಾರ್ವರ್ಡ್: ಕಿಲ್ಕೆನಿಯ ಯಶಸ್ಸಿನ ಅಡಿಪಾಯ ಬಿದ್ದದ್ದು ಹೀಗೆ.

ಆ ವರ್ಷಗಳ ಐರ್ಲೆಂಡನ್ನು ಮರೆತರೆ ಈ ಸಾಧನೆಯ ಬೆಲೆ ಪೂರ್ತಿ ತಿಳಿಯುವುದಿಲ್ಲ. ಸರ್ಕಾರಿ ನೌಕರಿಯಲ್ಲಿರುವ ಹೆಂಗಸು ಮದುವೆಯಾದರೆ ಕೆಲಸ ಬಿಡಬೇಕು ಎಂಬ ನಿಯಮ ರದ್ದಾದದ್ದು 1973ರಲ್ಲಿ, ಅಂದರೆ ಏಂಜೆಲಾ ಮೊದಲ ಫೈನಲ್ ಆಡಿದ ಮರುವರ್ಷ. ದುಡಿಮೆಗೇ ಇಂಥ ಗಡುವು ಹಾಕಿದ್ದ ಸಮಾಜ ಹೆಂಗಸರ ಆಟಕ್ಕೆ ಎಷ್ಟು ಬೆಲೆ ಕೊಟ್ಟೀತು? ಪತ್ರಿಕೆಗಳಲ್ಲಿ ಕಮೋಗಿಗೆ ಸಿಗುತ್ತಿದ್ದ ಜಾಗ ಚಿಕ್ಕದು. ಕ್ರೋಕ್ ಪಾರ್ಕ್‌ನ ಅಷ್ಟುದ್ದದ ಮೆಟ್ಟಿಲುಗಳು ಕಮೋಗಿ ಫೈನಲ್ ದಿನ ಬಹುಪಾಲು ಖಾಲಿ. ಇಂಥ ವಾತಾವರಣದಲ್ಲಿ ಹದಿಹರೆಯದಿಂದ ಮೂವತ್ತೇಳರವರೆಗೆ ಆಡುವುದಕ್ಕೆ ಕೌಶಲ ಮಾತ್ರ ಸಾಲದು. ಆಟವೇ ಮುಖ್ಯ ಎಂಬ ಗಟ್ಟಿ ನಂಬಿಕೆ ಬೇಕು. ಹರ್ಲಿಂಗ್, ಕಮೋಗಿಯಂಥ ಗೇಲಿಕ್ ಆಟಗಳೆಲ್ಲ ಹವ್ಯಾಸಿ ಆಟಗಳು, ಯಾರಿಗೂ ಸಂಬಳವಿಲ್ಲ. ದುಡಿಮೆ ಮುಗಿಸಿ ಸಂಜೆ ಅಭ್ಯಾಸಕ್ಕೆ ಬರಬೇಕು, ಭಾನುವಾರ ಪಂದ್ಯ ಆಡಬೇಕು, ಸೋಮವಾರ ಮತ್ತೆ ಕೆಲಸಕ್ಕೆ ಹೋಗಬೇಕು.

1981ರ ಫೈನಲ್ ಕೂಡ ಒಂದೇ ಪಂದ್ಯಕ್ಕೆ ತೀರ್ಮಾನವಾಗಲಿಲ್ಲ. ಕಾರ್ಕ್ ಜತೆ ಸಮಬಲ. ಮರುಪಂದ್ಯದಲ್ಲಿ ಕಿಲ್ಕೆನಿಗೆ 1-9ಕ್ಕೆ 0-7ರ ಗೆಲುವು. ಇದು ನಾಲ್ಕನೆಯ ಪ್ರಶಸ್ತಿ.

ಏಳು ವರ್ಷಗಳ ಆಳ್ವಿಕೆ, 1985–1991

1984ರಲ್ಲಿ ಡಬ್ಲಿನ್ ತನ್ನ 26ನೆಯ ಆಲ್-ಐರ್ಲೆಂಡ್ ಗೆದ್ದಿತ್ತು. ಮರುವರ್ಷ ಫೈನಲ್‌ನಲ್ಲಿ ಆ ಚಾಂಪಿಯನ್ ತಂಡವನ್ನು ಕಿಲ್ಕೆನಿ ಕೆಡವಿತು. ಡಬ್ಲಿನ್ ಅಲ್ಲಿಂದೀಚೆಗೆ ಸೀನಿಯರ್ ಪ್ರಶಸ್ತಿ ಗೆದ್ದಿಲ್ಲ. ಒಂದು ರಾಜಧಾನಿಯ ಯುಗ ಮುಗಿದು ಇನ್ನೊಂದು ಕೌಂಟಿಯ ಯುಗ ಆರಂಭವಾದ ಗಡಿ 1985.

1986ರಲ್ಲಿ ಮತ್ತೆ ಡಬ್ಲಿನ್ ಮೇಲೆ ಜಯ. 1987, 1988, 1989ರಲ್ಲಿ ಮೂರು ವರ್ಷವೂ ಎದುರಾಳಿ ಕಾರ್ಕ್, ಮೂರು ವರ್ಷವೂ ಕಿಲ್ಕೆನಿಯದೇ ಗೆಲುವು. 1988ರ ಫೈನಲ್‌ನಲ್ಲಿ ಎರಡೂ ತಂಡ ಸೇರಿ ಏಳು ಗೋಲು ಹೊಡೆದವು; 4-11ಕ್ಕೆ 3-8ರಿಂದ ಗೆದ್ದ ಕಿಲ್ಕೆನಿಗೆ ಏಂಜೆಲಾ ನಾಯಕಿ. 1989ರಲ್ಲಿ ನಾಯಕತ್ವ ಆ್ಯನ್ ಡೌನಿಯದು. ಹೀಗೆ ಅವಳಿ ಸೋದರಿಯರು ಒಬ್ಬರ ಹಿಂದೊಬ್ಬರು, ಸತತ ಎರಡು ವರ್ಷ ಒಂದೇ ಕಪ್ ಎತ್ತಿದರು. 1990ರಲ್ಲಿ ವೆಕ್ಸ್‌ಫರ್ಡ್ ಏಳು ಪಾಯಿಂಟ್‌ಗೆ ಕಟ್ಟುಬಿತ್ತು. 1991ರಲ್ಲಿ ಮೂರನೆಯ ಸಲ ಏಂಜೆಲಾ ನಾಯಕಿ, ಕಾರ್ಕ್ ವಿರುದ್ಧ 3-8ಕ್ಕೆ 0-10ರ ಜಯ. ಸತತ ಏಳನೆಯ ಪ್ರಶಸ್ತಿ ಅದು.

1991ರ ಅಂಕಗಳನ್ನು ಬಿಡಿಸಿ ನೋಡಿದರೆ ಈ ತಂಡದ ಗುಟ್ಟು ಸಿಗುತ್ತದೆ. ಕಾರ್ಕ್ ಹತ್ತು ಸಲ ಪಟ್ಟಿಯ ಮೇಲೆ ಚೆಂಡು ದಾಟಿಸಿತು, ಕಿಲ್ಕೆನಿ ಎಂಟೇ ಸಲ. ಆದರೆ ಕಿಲ್ಕೆನಿ ಮೂರು ಸಲ ಬಲೆ ಅಲುಗಿಸಿತು, ಕಾರ್ಕ್ ಒಂದು ಸಲವೂ ಇಲ್ಲ. 1974ರ ಮರುಪಂದ್ಯದಲ್ಲಿ ಕಂಡದ್ದೂ ಇದೇ. ದೂರದಿಂದ ಸುಲಭದ ಪಾಯಿಂಟ್‌ಗೆ ಹೊಡೆಯುವ ಅವಕಾಶವಿದ್ದಾಗಲೂ ಗೋಲಿನತ್ತ ನುಗ್ಗುವ ಛಲ ಆ ತಂಡಕ್ಕಿತ್ತು, ಆ ಛಲದ ಮೊನೆಯಲ್ಲಿ ಏಂಜೆಲಾ ಇದ್ದರು.

1989ರ ಗೋಲು

ಏಂಜೆಲಾ ಹೊಡೆದ ಗೋಲುಗಳಲ್ಲಿ ಜನರ ಬಾಯಲ್ಲಿ ಉಳಿದಿರುವುದು 1989ರ ಫೈನಲ್‌ನದು. ಆ ಪಂದ್ಯವನ್ನು ಕಿಲ್ಕೆನಿ 3-10ಕ್ಕೆ 2-6ರಿಂದ ಗೆದ್ದಿತು. ಚೆಂಡು ಪಡೆದ ಏಂಜೆಲಾ ಕಾರ್ಕ್ ಗೋಲಿನತ್ತ ನೇರ ಓಟ ಕಿತ್ತರು. ತಡೆಯಲು ಬಂದ ಎದುರಾಳಿಯ ಕೈಗೆ ಸಿಕ್ಕಿದ್ದು ಇವರ ಸ್ಕರ್ಟ್. ಅದು ಕಳಚಿ ಹೋಯಿತು. ಫ್ರೀ ಹೊಡೆತಕ್ಕಾಗಿ ರೆಫರಿಯತ್ತ ತಿರುಗಬಹುದಿತ್ತು, ನಾಚಿ ನಿಂತುಬಿಡಬಹುದಿತ್ತು. ಏಂಜೆಲಾ ಎರಡನ್ನೂ ಮಾಡಲಿಲ್ಲ. ಓಟ ನಿಲ್ಲಿಸದೆ ಮುಂದೆ ಹೋಗಿ ಚೆಂಡನ್ನು ಬಲೆಗೆ ಸೇರಿಸಿದರು. ಸ್ಕರ್ಟಿನ ವಿಚಾರ ಆಮೇಲೆ.

ಈ ಪ್ರಸಂಗವನ್ನು ಎಷ್ಟೋ ಮಂದಿ ನಗೆಯ ಕಥೆಯಾಗಿ ಹೇಳುತ್ತ ಬಂದಿದ್ದಾರೆ. ನಿಜವಾಗಿ ನೋಡಿದರೆ ಏಂಜೆಲಾ ಅವರ ಏಕಾಗ್ರತೆಗೆ ಇದಕ್ಕಿಂತ ಒಳ್ಳೆಯ ಪುರಾವೆ ಬೇಕಿಲ್ಲ. ಗೋಲಿನ ಮುಂದೆ ಅರೆಕ್ಷಣದಲ್ಲಿ ತೀರ್ಮಾನಿಸಬೇಕಾದಾಗ ಅವರ ಕಣ್ಣಿಗೆ ಚೆಂಡು, ಬಲೆ ಎರಡೇ ಕಂಡವು.

ಉಡುಪಿನ ಪ್ರಶ್ನೆ ಮಾತ್ರ ಆ ಗೋಲಿನೊಂದಿಗೆ ಮುಗಿಯಲಿಲ್ಲ. ಕಮೋಗಿ ಆಟಗಾರ್ತಿಯರು ಶುರುವಿನಲ್ಲಿ ನೆಲ ಮುಟ್ಟುವಂಥ ಉದ್ದ ಲಂಗ ತೊಟ್ಟು ಆಡಿದರು, ಆಮೇಲೆ ಶಾಲಾ ಸಮವಸ್ತ್ರದಂಥ ಜಿಮ್‌ಸ್ಲಿಪ್, ಬಳಿಕ ಮೊಣಕಾಲ ಮೇಲಿನ ಸ್ಕರ್ಟ್, ಕೊನೆಗೆ ಒಳಗೆ ಚಡ್ಡಿ ಹೊಲಿದಿರುವ ಸ್ಕೋರ್ಟ್. ಅಭ್ಯಾಸಕ್ಕೆ ಎಲ್ಲರೂ ಚಡ್ಡಿ ತೊಟ್ಟು ಬಂದರೂ ಪಂದ್ಯದ ದಿನ ಸ್ಕೋರ್ಟ್ ಕಡ್ಡಾಯವಾಗಿತ್ತು. 2025ರ ಮೇ ತಿಂಗಳಲ್ಲಿ ಲೆನ್‌ಸ್ಟರ್ ಪ್ರಾಂತ್ಯದ ಸೆಮಿಫೈನಲ್‌ಗೆ ಡಬ್ಲಿನ್ ಮತ್ತು ಕಿಲ್ಕೆನಿ ತಂಡಗಳೆರಡೂ ಒಟ್ಟಾಗಿ ಚಡ್ಡಿ ತೊಟ್ಟು ಕಣಕ್ಕಿಳಿದವು. ಉಡುಪು ಬದಲಿಸದಿದ್ದರೆ ಪಂದ್ಯವೇ ಇಲ್ಲ ಎಂದಾಗ ಬದಲಿಸಿಕೊಂಡು ಆಡಿದವು. ದೇಶದಾದ್ಯಂತ ಚರ್ಚೆ ಎದ್ದಿತು. ಅದೇ ತಿಂಗಳ 22ರಂದು ಕ್ರೋಕ್ ಪಾರ್ಕ್‌ನಲ್ಲಿ ಸೇರಿದ ಕಮೋಗಿ ಸಂಸ್ಥೆಯ ವಿಶೇಷ ಅಧಿವೇಶನ, ಚಡ್ಡಿಯೋ ಸ್ಕೋರ್ಟೋ ಎಂಬುದು ಆಟಗಾರ್ತಿಯ ಇಚ್ಛೆಗೆ ಬಿಟ್ಟದ್ದು ಎಂದು ಶೇ 98ರಷ್ಟು ಮತಗಳಿಂದ ನಿರ್ಣಯಿಸಿತು. ಏಂಜೆಲಾ ಅವರ ಗೋಲಿಗೂ ಈ ನಿರ್ಣಯಕ್ಕೂ ನಡುವೆ 36 ವರ್ಷ. ಉಡುಪು ಆಟಕ್ಕೆ ಅಡ್ಡಿಯಾದೀತು ಎಂಬುದು ದೇಶದ ಅತಿ ದೊಡ್ಡ ಪಂದ್ಯದಲ್ಲೇ ಎಲ್ಲರ ಕಣ್ಣಿಗೆ ಬಿದ್ದಿದ್ದರೂ ಅದನ್ನು ಸರಿಪಡಿಸಲು ಇಷ್ಟು ಕಾಲ ಹಿಡಿಯಬಾರದಿತ್ತು.

ಕೊನೆಯ ಪ್ರಶಸ್ತಿ

1992 ಮತ್ತು 1993ರಲ್ಲಿ ಕಾರ್ಕ್ ಪ್ರಶಸ್ತಿ ಕಿತ್ತುಕೊಂಡಿತು. ಡೌನಿ ಸೋದರಿಯರ ಕಾಲ ಮುಗಿಯಿತೆಂದು ಅನಿಸಿದ್ದರೆ ತಪ್ಪೇನಿರಲಿಲ್ಲ. ಇಬ್ಬರೂ ಮೂವತ್ತೈದು ದಾಟಿದ್ದರು. 1994ರಲ್ಲಿ ಆ್ಯನ್ ನಾಯಕತ್ವದಲ್ಲಿ ಕಿಲ್ಕೆನಿ ಮತ್ತೆ ಫೈನಲ್‌ಗೆ ಬಂದು ವೆಕ್ಸ್‌ಫರ್ಡ್ ತಂಡವನ್ನು 2-11ಕ್ಕೆ 0-8ರಿಂದ ಸೋಲಿಸಿತು. ಇಬ್ಬರಿಗೂ ಅದು 12ನೆಯ ಪದಕ. ಮೊದಲ ಪದಕಕ್ಕೂ ಇದಕ್ಕೂ 20 ವರ್ಷಗಳ ಅಂತರ. ಮರುವರ್ಷದ ಫೈನಲ್‌ನಲ್ಲಿ ಕಾರ್ಕ್ ಗೆದ್ದಿತು. ಅಲ್ಲಿಗೆ ಕಿಲ್ಕೆನಿಯ ದೊಡ್ಡ ಕಾಲ ಕೊನೆಗೊಂಡಿತು.

ಕ್ಲಬ್ ಮತ್ತು ಪ್ರಾಂತ್ಯ

ಗೇಲಿಕ್ ಆಟಗಳಲ್ಲಿ ಕೌಂಟಿ ತಂಡ ಕೀರ್ತಿಯದಾದರೆ ಕ್ಲಬ್ ಮನೆಯಿದ್ದಂತೆ. ವರ್ಷದ ಬಹುಪಾಲು ಪಂದ್ಯಗಳನ್ನು ಆಡುವುದು ಕ್ಲಬ್ಬಿಗಾಗಿ. ಏಂಜೆಲಾ ಕಿಲ್ಕೆನಿ ನಗರದ ಸೇಂಟ್ ಪಾಲ್ಸ್ ಕ್ಲಬ್ ಪರ 1974, 1976, 1987, 1988 ಮತ್ತು 1989ರಲ್ಲಿ ಆಲ್-ಐರ್ಲೆಂಡ್ ಕ್ಲಬ್ ಪ್ರಶಸ್ತಿ ಗೆದ್ದರು. 1994ರಲ್ಲಿ ಬ್ಯಾಲಿರಾಗೆಟ್ ಸೀಮೆಗೆ ಹತ್ತಿರದ ಲಿಸ್‌ಡೌನಿ ಕ್ಲಬ್ ಪರ ಆರನೆಯ ಕ್ಲಬ್ ಪ್ರಶಸ್ತಿ ಬಂತು. ಆ ವರ್ಷ ಕೌಂಟಿಗೂ ಕ್ಲಬ್ಬಿಗೂ ಎರಡೂ ಕಡೆ ಅವರು ರಾಷ್ಟ್ರ ಚಾಂಪಿಯನ್. 1974, 1976, 1987, 1988, 1989ರಲ್ಲೂ ಹೀಗೆಯೇ ಆಗಿತ್ತು. ನ್ಯಾಷನಲ್ ಲೀಗ್‌ನಲ್ಲೂ ಕಿಲ್ಕೆನಿ ಈ ಕಾಲದಲ್ಲಿ ಮತ್ತೆ ಮತ್ತೆ ಗೆದ್ದಿತು. ಪ್ರಾಂತ್ಯಗಳ ನಡುವಣ ಗೇಲ್ ಲಿನ್ ಕಪ್‌ನಲ್ಲಿ ಏಂಜೆಲಾ ಲೆನ್‌ಸ್ಟರ್ ಪರ ಆಡಿದರು.

ಆಟದ ಬಗೆ

ಏಂಜೆಲಾ ಅವರ ಆಟದ ಮೂಲ ಬಂಡವಾಳ ವೇಗ. ಓಡುತ್ತಿರುವಾಗಲೂ ಚೆಂಡು ಹರ್ಲಿಗೆ ಅಂಟಿದಂತೆ ಇರುತ್ತಿತ್ತು. ಇದು ಸುಲಭವಲ್ಲ. ಚೆಂಡನ್ನು ಕೈಯಲ್ಲಿ ಹಿಡಿದುಕೊಂಡು ನಾಲ್ಕು ಹೆಜ್ಜೆಗಿಂತ ಹೆಚ್ಚು ಇಡುವಂತಿಲ್ಲ. ಮುಂದೆ ಸಾಗಬೇಕಾದರೆ ಅದನ್ನು ಕೋಲಿನ ತುದಿಗೆ ದಾಟಿಸಿ, ಬೀಳದಂತೆ ಕಾಯ್ದುಕೊಂಡು ಓಡಬೇಕು. ಸುತ್ತ ಮೂರು ನಾಲ್ಕು ಹರ್ಲಿಗಳು ಬೀಸುತ್ತಿರುತ್ತವೆ. ಗೋಲು ಹತ್ತಿರವಾದಂತೆ ಹಿಂದಕ್ಕೆತ್ತಿ ಬೀಸಲು ಜಾಗವಿರುವುದಿಲ್ಲ, ಮಣಿಕಟ್ಟಿನ ತಿರುವಿನಲ್ಲೇ ಹೊಡೆತಕ್ಕೆ ಬಲ ಬರಬೇಕು. 12 ಮಂದಿಯ ಆಟದಲ್ಲಿ ಜಾಗ ಕಿರಿದಾಗಿದ್ದುದರಿಂದ ರಕ್ಷಕಿಗೆ ಬೆನ್ನು ಕೊಟ್ಟು ಚೆಂಡು ಪಡೆದು, ಅರೆಗಳಿಗೆಯಲ್ಲಿ ತಿರುಗಿ, ಅವಳನ್ನು ದಾಟುವ ಕಲೆ ನಿರ್ಣಾಯಕವಾಗುತ್ತಿತ್ತು. ಈ ತಿರುವಿನಲ್ಲಿ ಏಂಜೆಲಾ ಅವರನ್ನು ಹಿಡಿಯುವುದು ಎದುರಾಳಿಗಳಿಗೆ ಯಾವಾಗಲೂ ತಲೆನೋವು.

ಆ್ಯನ್ ಆಡುತ್ತಿದ್ದುದು ಮಧ್ಯಮೈದಾನದಲ್ಲಿ. ಚೆಂಡನ್ನು ಗೆದ್ದು ಮುಂದೆ ಕಳಿಸುವ ಕೆಲಸ ಒಬ್ಬ ಸೋದರಿಯದು, ಅದನ್ನು ಗೋಲಾಗಿಸುವ ಕೆಲಸ ಇನ್ನೊಬ್ಬಳದು. ಚಿಕ್ಕಂದಿನಿಂದ ಜತೆಗೇ ಆಡಿದ ಇಬ್ಬರಿಗೆ ಪರಸ್ಪರರ ನಡೆ ಹೇಳದೆಯೇ ತಿಳಿಯುತ್ತಿತ್ತು.

ಮನ್ನಣೆ

2004ರಲ್ಲಿ ಆಯ್ಕೆಯಾದ ಶತಮಾನದ ತಂಡದಲ್ಲಿ ಇವರ ಹೆಸರು ಏಂಜೆಲಾ ಡೌನಿ-ಬ್ರೌನ್ ಎಂದು, ಮದುವೆಯ ನಂತರದ ಹೆಸರಿನಲ್ಲಿ ದಾಖಲಾಗಿದೆ. ನೂರು ವರ್ಷಗಳಲ್ಲಿ ಆಡಿದ ಎಲ್ಲರ ನಡುವಿಂದ 15 ಮಂದಿಯನ್ನು ಆರಿಸಿದ ತಂಡವದು. 2018ರಲ್ಲಿ ಯುನೆಸ್ಕೊ, ಹರ್ಲಿಂಗ್ ಆಟವನ್ನು ಕಮೋಗಿಯೊಂದಿಗೆ ಮನುಕುಲದ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತು. ಹಿಂದೆ ಖಾಲಿ ಮೆಟ್ಟಿಲುಗಳ ಮುಂದೆ ನಡೆಯುತ್ತಿದ್ದ ಫೈನಲ್‌ಗಳಿಗೆ ಈಗ ಹತ್ತಾರು ಸಾವಿರ ಜನ ಸೇರುತ್ತಾರೆ.

ಚರಿತ್ರೆಯಲ್ಲಿ ಸ್ಥಾನ

ಪದಕಗಳ ಎಣಿಕೆಯಲ್ಲಿ ಏಂಜೆಲಾ ಮೊದಲಿಗರಲ್ಲ. ಡಬ್ಲಿನ್‌ನ ಕ್ಯಾಥ್ಲೀನ್ ಮಿಲ್ಸ್ 1942ರಿಂದ 1961ರ ನಡುವೆ 15 ಪದಕ ಗೆದ್ದಿದ್ದಾರೆ. ಅದೇ ಡಬ್ಲಿನ್‌ನ ಊನಾ ಓಕಾನರ್ ಅವರಿಗೆ 13. ಕಾರ್ಕ್‌ನ ರೀನಾ ಬಕ್ಲಿ ಕಮೋಗಿ ಮತ್ತು ಗೇಲಿಕ್ ಫುಟ್‌ಬಾಲ್ ಎರಡೂ ಸೇರಿ 18 ಪದಕ ಪಡೆದು, ಎರಡೂ ಆಟಗಳಲ್ಲಿ ಕೌಂಟಿಯ ನಾಯಕಿಯಾಗಿ ಗೆದ್ದ ಮೊದಲಿಗರಾದರು. ಈ ಮೂವರ ಹಿರಿಮೆಯನ್ನು ಕಡಿಮೆ ಮಾಡುವ ಅಗತ್ಯವಿಲ್ಲ. ಆದರೆ ಮಿಲ್ಸ್ ತಂಡಕ್ಕೆ ಬರುವ ಹೊತ್ತಿಗೆ ಡಬ್ಲಿನ್ ಗೆದ್ದು ಅಭ್ಯಾಸವಿದ್ದ ಕೌಂಟಿ. ಬಕ್ಲಿ ಬರುವ ಹೊತ್ತಿಗೆ ಕಾರ್ಕ್‌ಗೂ ದೀರ್ಘ ಪರಂಪರೆ ಇತ್ತು. ಏಂಜೆಲಾ ಬಂದಾಗ ಕಿಲ್ಕೆನಿಯ ಕಮೋಗಿ ಸಾಧನೆಯ ಹಾಳೆ ಬರಿದಾಗಿತ್ತು. ಅದರ ಮೇಲೆ ಮೊದಲ 12 ಸಾಲು ಬರೆದವರಲ್ಲಿ ಅವರೂ ಆ್ಯನ್ ಡೌನಿಯೂ ಕೊನೆಯವರೆಗೆ ಇದ್ದರು. ಕಮೋಗಿಯ ಅತಿ ಶ್ರೇಷ್ಠ ಆಟಗಾರ್ತಿ ಯಾರು ಎಂಬ ಚರ್ಚೆ ಏಂಜೆಲಾ ಹೆಸರಿಲ್ಲದೆ ಮುಗಿಯದಿರುವುದು ಇದಕ್ಕಾಗಿ.

ಅವರು ಬಿಟ್ಟುಹೋದ ಜಾಗ ತುಂಬುವುದು ಎಷ್ಟು ಕಷ್ಟವಾಯಿತೆಂಬುದನ್ನು ಮುಂದಿನ ವರ್ಷಗಳೇ ಹೇಳುತ್ತವೆ. 2009, 2014ರ ಫೈನಲ್‌ಗಳಲ್ಲಿ ಕಾರ್ಕ್ ಎದುರು ಕಿಲ್ಕೆನಿ ಸೋತಿತು. 2016ರಲ್ಲಿ ಕಾರ್ಕ್ ಸತತ ಮೂರನೆಯ ಪ್ರಶಸ್ತಿಯ ಹೊಸ್ತಿಲಲ್ಲಿದ್ದಾಗ ಕಿಲ್ಕೆನಿ 1-13ಕ್ಕೆ 1-9ರಿಂದ ಗೆದ್ದು 22 ವರ್ಷಗಳ ಬರವನ್ನು ಮುಗಿಸಿತು. ಆ ತಂಡದ ಮ್ಯಾನೇಜರ್ ಆ್ಯನ್ ಡೌನಿ. ನಂತರ 2020ರಲ್ಲಿ ಗಾಲ್ವೇ ವಿರುದ್ಧ, 2022ರಲ್ಲಿ ಕಾರ್ಕ್ ವಿರುದ್ಧ ಮತ್ತೆರಡು ಪ್ರಶಸ್ತಿ ಬಂದವು. ಇಂದು ಕಿಲ್ಕೆನಿಯ ಹುಡುಗಿಯೊಬ್ಬಳು ಹರ್ಲಿ ಹಿಡಿದರೆ, ತನ್ನ ಕೌಂಟಿ ಗೆಲ್ಲಬಲ್ಲದೆಂದು ಯಾರೂ ಅವಳಿಗೆ ಮನವರಿಕೆ ಮಾಡಿಕೊಡಬೇಕಾಗಿಲ್ಲ. 1972ರಲ್ಲಿ 15 ವರ್ಷದ ಏಂಜೆಲಾಗೆ ಹಾಗೆ ನಂಬಲು ಹಿಂದಿನ ಒಂದು ಗೆಲುವೂ ಇರಲಿಲ್ಲ. ಅವರ ಆಟಜೀವನದ ನಿಜವಾದ ಗಳಿಕೆ ಈ ವ್ಯತ್ಯಾಸ.